ಮೂಗಯ್ಯನ ವೈನು

ನನ್ನ ಹೆಂಡತಿ ಹಲ್ಲಿನ ಡಾಕ್ಟರು. ವಾರವಿಡೀ ಕಂಡವರ ಬಾಯೊಳಗೆ ಇಣುಕಿ ಸುಸ್ತಾದವಳು ಶುಕ್ರವಾರ ಸಂಜೆ ಬರುವಾಗ ಒಂದು ವೈನ್ ಬಾಟಲಿ ತರುತ್ತಾಳೆ. ನಾನು ನನ್ನ ಕನ್ನಡಕದ ಅಂಗಡಿಗೆ ಬೇಗ ಬಾಗಿಲು ಹಾಕಿ ಬಂದು ಅಡುಗೆ ಮಾಡುತ್ತೇನೆ. ಆಮೇಲೆ ಸೋಫಾದ ಮೇಲೆ ಕಾಲು ಚಾಚಿ, ಕುಡಿದು, ತಿಂದು, ಊರವರನ್ನೆಲ್ಲ ಆಡಿಕೊಂಡು ಹಗುರಾಗುತ್ತೇವೆ. ಅದೊಂದು ಸಂಜೆ ನಮ್ಮಿಬ್ಬರದೇ.

ಅಲ್ಲಿಗೆ ಮೂರನೆಯವನೊಬ್ಬ ಬಂದು ಕೂತಿದ್ದ. ಬರೀ ಅವಳ ಮಾತಿನಲ್ಲಿ ಬಂದಿದ್ದ, ಆದರೂ ಬಂದಿದ್ದ. ವೈನ್ ಅಂಗಡಿಯವನು. ಪ್ರತಿ ಬಾಟಲಿಯ ಬಿರಡೆಯನ್ನೂ ಮೂಸಿ ನೋಡುತ್ತಾನಂತೆ. ನಾನು ಅವನಿಗೆ ಮೂಗಯ್ಯ ಅಂತ ಹೆಸರಿಟ್ಟೆ.

“ಕುರಿಮಾಂಸಕ್ಕೆ ಸ್ಪೇನಿನ ಕೆಂಪು ವೈನೇ ಸರಿ ಅಂತ ಅವರು ಹೇಳಿದ್ರು.”

“ನೀಲಿ ಗೆರೆ ಇರೋ ಚೀಸಿಗೆ ಫ್ರಾನ್ಸಿನ ಸಿಹಿ ವೈನ್ ಕುಡಿದು ನೋಡಿ ಅಂದ್ರು.”

ಕುಡಿದು ನೋಡಿದೆ. ಹಾಳಾದವನು ಹೇಳಿದ್ದು ಸರಿಯಾಗಿಯೇ ಇತ್ತು. ನನ್ನ ಹೊಟ್ಟೆಗೆ ಕಿಚ್ಚು ಬಿದ್ದಿದ್ದೇ ಅದಕ್ಕೆ. ಒಲೆ ಮುಂದೆ ಬೇಯುವವನು ನಾನು, ಹೊಗಳಿಕೆ ಅವನಿಗೆ. ಮೊದಲ ಗುಟುಕಿಗೆ ಅವಳು ಕಣ್ಣು ಮುಚ್ಚಿ “ಎಂಥ ಮನುಷ್ಯ ನೋಡಿ” ಅಂದರೆ ನಾನು ಅಡುಗೆಯ ತಟ್ಟೆಯನ್ನು ಅವಳ ಮುಂದಕ್ಕೆ ತಳ್ಳುತ್ತಿದ್ದೆ.

ಹೋದ ಶುಕ್ರವಾರ ಬೆಳಿಗ್ಗೆ ಎಂದಿನಂತೆ ಕೇಳಿದಳು, “ಇವತ್ತು ಏನು ಮಾಡ್ತೀರಿ?” ಅಡುಗೆಗೆ ತಕ್ಕ ವೈನ್ ತರಬೇಕಲ್ಲ.

“ಹಬೆಯಲ್ಲಿ ಬೇಯಿಸಿದ ಮೀನು. ಬೆಣ್ಣೆ, ನಿಂಬೆರಸ, ಅಷ್ಟೇ,” ಅಂದೆ.

ಸಂಜೆ ಅದೇ ಮೀನಿಗೆ ಕೈಗೆ ಸಿಕ್ಕಷ್ಟು ಹಸಿಮೆಣಸಿನಕಾಯಿ ಅರೆದು ಬಳಿದೆ. ಅವಳು ತಂದ ಶಾಬ್ಲಿ ಎಂಬ ಬಿಳಿ ವೈನ್ ಆ ಖಾರದ ಮುಂದೆ ಕಷಾಯದ ಹಾಗೆ ಕಹಿಯಾಯಿತು. ಅವಳ ಕಣ್ಣು ಮೂಗಲ್ಲೆಲ್ಲ ನೀರು.

“ನಿನ್ನ ಪಂಡಿತರು ಈ ಸಲ ಮುಗ್ಗರಿಸಿದ್ರು,” ಅಂದೆ.

ಅವಳು ಮೂಗು ಒರೆಸಿಕೊಳ್ಳುತ್ತ ತಟ್ಟೆ ಖಾಲಿ ಮಾಡಿದಳು. ನನಗೆ ಹಾಲು ಕುಡಿದಷ್ಟು ಖುಷಿಯಾಯಿತು.

ಈ ಶುಕ್ರವಾರ ಅವನ ಪೆಚ್ಚು ಮುಖ ನೋಡೋಣವೆಂದು ನಾನೇ ಅಂಗಡಿಗೆ ಹೋದೆ. ಯಾರ ಗಂಡ ಎಂದು ಹೇಳಲಿಲ್ಲ. ಮೂಗಯ್ಯ ನನಗಿಂತ ಎತ್ತರವಿದ್ದ. ತಲೆತುಂಬ ಕೂದಲು ಬೇರೆ.

“ಹೋದ ವಾರ ನಮ್ಮವರೊಬ್ಬರು ಮೀನಿಗೆ ಅಂತ ಇಲ್ಲಿಂದ ಒಯ್ದ ವೈನ್ ಕಹಿ ಇತ್ತಂತೆ,” ಎಂದು ಚುಚ್ಚಿದೆ.

“ಖಾರ ಜಾಸ್ತಿ ಆಗಿತ್ತೇನೋ ಸಾರ್,” ಅಂದ. “ಈಗ ತಾನೇ ಡಾಕ್ಟರಮ್ಮ ಒಬ್ಬರು ಬಂದು ಹೋದ್ರು. ಅವರು ಯಾವತ್ತೂ ವೈನ್ ಹೆಸರು ಹೇಳಲ್ಲ. ಯಜಮಾನರ ಅಡುಗೆ ಬಗ್ಗೆ ಶುರು ಮಾಡಿದ್ರೆ ನಿಲ್ಲಿಸೋದೇ ಇಲ್ಲ, ಕೇಳಿ ಕೇಳಿ ನನ್ನ ಬಾಯಲ್ಲಿ ನೀರು. ಮನೆಗೆ ಹೋಗಿ ಒಣ ಬ್ರೆಡ್ ತಿನ್ನೋನು ನಾನು. ಇವತ್ತು ಮಾತ್ರ ಬೇರೆ ಥರ ಕೇಳಿದ್ರು. ‘ನಮ್ಮನೆಯವರಿಗೆ ಯಾಕೋ ಸಿಟ್ಟು ಬಂದಿದೆ, ಮೆಣಸಿನಕಾಯಿ ಮೇಲೆ ತೀರಿಸ್ಕೊಳ್ತಿದ್ದಾರೆ. ಅದಕ್ಕೆ ಹೊಂದೋ ವೈನ್ ಕೊಡಿ’ ಅಂತ. ಜರ್ಮನಿಯ ರೀಸ್ಲಿಂಗ್ ಕೊಟ್ಟೆ. ಒಂಚೂರು ಸಿಹಿ ಇರುತ್ತೆ, ಖಾರಾನ ತಡ್ಕೊಳ್ಳುತ್ತೆ. ನಿಮಗೂ ಅದೇ ಕೊಡ್ಲಾ?”

“ಬೇಡ,” ಅಂದೆ. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು.

ಮನೆಗೆ ಬಂದಾಗ ಬಾಟಲಿ ಫ್ರಿಜ್ಜಿನಲ್ಲಿತ್ತು. ಇವತ್ತು ಬೆಳಿಗ್ಗೆ ಏನು ಅಡುಗೆ ಅಂತ ಅವಳು ಕೇಳಿಯೇ ಇರಲಿಲ್ಲ ಎಂಬುದು ಆಗ ನೆನಪಾಯಿತು.

“ಇವತ್ತೂ ಖಾರಾನಾ?” ಸೋಫಾದಿಂದಲೇ ಕೇಳಿದಳು.

“ನೀನು ತಂದಿರೋದಕ್ಕೆ ಎಷ್ಟು ಬೇಕೋ ಅಷ್ಟು.”

ಅವಳು ತಿರುಗಿ ನನ್ನ ಮುಖವನ್ನೇ ನೋಡಿದಳು. “ಅಂಗಡಿಗೆ ಹೋಗಿದ್ರಾ?”

ನಾನು ತಲೆ ತಗ್ಗಿಸಿ ಮೆಣಸಿನಕಾಯಿಯ ತೊಟ್ಟು ಮುರಿಯತೊಡಗಿದೆ. “ಅವನಿಗೆ ತಲೆತುಂಬ ಕೂದಲಿದೆ,” ಅಂದೆ.

“ಇದೆ,” ಅಂದಳು. “ಅಡುಗೆ ಬರಲ್ಲ, ಪಾಪ.”