ಹೆಳವನ ಪುಸ್ತಕದಲ್ಲಿ ಬಿಟ್ಟ ಜಾಗ

ಕೊಟ್ಟೂರಿನ ಶಾಲೆಯೊಂದರಲ್ಲಿ ಭಾಗ್ಯ ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಜಿಲ್ಲೆ, ತಾಲೂಕು, ಗಡಿ ಎಂದು ನಕ್ಷೆ ಬಿಡಿಸಿ ಕಲಿಸುತ್ತ ಬಂದವಳು. ಅಂಥವಳಿಗೆ ತನ್ನ ಸ್ವಂತ ದೊಡ್ಡಮ್ಮ ಯಾವ ಜಿಲ್ಲೆಯಲ್ಲಿದ್ದಾಳೆ ಎಂಬುದು ಗೊತ್ತಿರಲಿಲ್ಲ. ಇದ್ದಾಳೋ ಇಲ್ಲವೋ ಎಂಬುದೂ ಗೊತ್ತಿರಲಿಲ್ಲ.

ಅವಳ ಅವ್ವ ಬೊಮ್ಮಮ್ಮ ಕೂಡ್ಲಿಗಿಯಲ್ಲಿ ಮಗ ಪಾಲಾಕ್ಷನ ಜೊತೆ ಇದ್ದಳು. ಎಪ್ಪತ್ತಾರು ತುಂಬಿತ್ತು. ಅವಳು ನಾಲ್ಕು ವರ್ಷದವಳಿದ್ದಾಗ ತುಂಗಭದ್ರೆಗೆ ಅಣೆಕಟ್ಟು ಬಂದು, ಹಂಪಸಾಗರದ ಕಡೆಯ ಅವಳ ಊರು ಗೋಣಿಬಾಳು ನೀರಿನಡಿ ಹೋಯಿತು. ಆ ವರ್ಷವೇ ಅಪ್ಪ ಎರ್ರೆಪ್ಪ, ಅವ್ವ ಇಬ್ಬರೂ ಜ್ವರದಲ್ಲಿ ತೀರಿಕೊಂಡರು. ಚಿಕ್ಕವಳನ್ನು ಕೂಡ್ಲಿಗಿಯ ಸೋದರತ್ತೆ ತಂದು ಸಾಕಿದಳು. ಹತ್ತು ವರ್ಷದ ಅಕ್ಕ ದುರುಗಮ್ಮನನ್ನು ಸೋದರಮಾವ ಗಾಡಿಯಲ್ಲಿ ಕೂರಿಸಿಕೊಂಡು ಹರಪನಹಳ್ಳಿ ಕಡೆ ಹೋದ. ನಾಲ್ಕು ವರ್ಷದ ಕೂಸಿಗೆ ಮಾವನೆಂದರೆ ಮಾವ, ಅವನ ಹೆಸರು ಯಾರಿಗೆ ಬೇಕಿತ್ತು? ಅತ್ತೆಗೂ ಅವನಿಗೂ ಮಾತು ಬಿಟ್ಟಿತ್ತು. ಆ ಮಹಾತಾಯಿ ಅವನ ಹೆಸರೆತ್ತದೆಯೇ ಸತ್ತಳು.

ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಗೆ ಸತ್ತ ಹಿರಿಯರ ಹೆಸರಲ್ಲಿ ಎಡೆ ಇಡುವಾಗ ಬೊಮ್ಮಮ್ಮನ ಕೈ ನಡುವೆಯೇ ನಿಂತುಬಿಡುತ್ತಿತ್ತು. ಹೋದ ವರ್ಷ ಮಗಳನ್ನು ಪಕ್ಕಕ್ಕೆ ಕರೆದು ಹೇಳಿದಳು:

"ಅಕ್ಕ ಅದಾಳೋ ಇಲ್ಲೋ, ಅಷ್ಟು ತಿಳಕೊಂಡು ಬಾ. ಸತ್ತಿದ್ರ ಇಷ್ಟು ವರ್ಷ ಆಕಿನ್ನ ಉಪವಾಸ ಇಟ್ಟಂಗಾತು. ಬದುಕಿದ್ರ, ಎಡಿ ಇಟ್ಟು ನಾನಾ ಕೊಂದಂಗ ಆಕ್ಕತಿ."

ಓದಿದವರಿಗೆ ಕಾಗದದ ಮೇಲೆ ನಂಬಿಕೆ ಜಾಸ್ತಿ. ಮುಳುಗಡೆಯಾದವರ ಪಟ್ಟಿಯಲ್ಲಿ ಮಾವನ ಸುಳಿವು ಸಿಕ್ಕೀತೆಂದು ಭಾಗ್ಯ ರಜೆ ಹಾಕಿ ಹೊರಟಳು. ಅವ್ವ ತನ್ನೂರನ್ನು ಹಡಗಲಿ ತಾಲೂಕು ಎನ್ನುತ್ತಿದ್ದಳಲ್ಲ, ಮೊದಲು ಹಡಗಲಿಗೇ ಹೋದಳು. ಆ ಕಡೆಯ ಊರುಗಳು ಈಗ ಹಗರಿಬೊಮ್ಮನಹಳ್ಳಿಗೆ ಸೇರಿವೆ ಎಂದರು. ಅಲ್ಲಿ ಹೋದರೆ, ಈ ತಾಲೂಕು ಹುಟ್ಟುವ ಮುಂಚಿನ ಕಾಗದಕ್ಕೆ ಬಳ್ಳಾರಿ ನೋಡಿ ಎಂದರು. ಬಳ್ಳಾರಿಯಲ್ಲಿ ಪಟ್ಟಿ ಸಿಕ್ಕಿತು, ಎರ್ರೆಪ್ಪನ ಹೆಸರೂ ಇತ್ತು, ಹೆಣ್ಣುಮಕ್ಕಳ ಹೆಸರಾಗಲಿ ಮಾವನ ಸುಳಿವಾಗಲಿ ಇರಲಿಲ್ಲ. ಇನ್ನು ಹರಪನಹಳ್ಳಿಯೋ, ಬಳ್ಳಾರಿಯಿಂದ ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, ಈಗ ವಿಜಯನಗರ ಜಿಲ್ಲೆಯಲ್ಲಿ ಕೂತಿದೆ. ಹೊಸ ಸೊಸೆಯೂ ತವರಿಗೆ ಇಷ್ಟು ಓಡಾಡಲಿಕ್ಕಿಲ್ಲ. ಎಲ್ಲ ಕಡೆ ಕುರ್ಚಿ ಕೊಟ್ಟು ಮಾತಾಡಿಸಿದರು. ಯಾರದೂ ತಪ್ಪಿರಲಿಲ್ಲ, ಆದರೂ ಬಸ್ಸಿನಲ್ಲಿ ವಾಪಸು ಬರುವಾಗ ಭಾಗ್ಯಳಿಗೆ ಅಳು ಬಂತು.

ಸುಗ್ಗಿ ಮುಗಿದ ಮೇಲೆ ಪಾಲಾಕ್ಷನ ಮನೆಗೆ ಹೆಳವ ಬಂದ. ಮನೆತನಗಳ ಪೀಳಿಗೆಯನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಬಾಗಿಲಲ್ಲಿ ಹೇಳಿ ಕಾಳು ಪಡೆಯುವವರು ಹೆಳವರು. ಮೊದಲು ಎತ್ತಿನ ಮೇಲೆ ಬರುತ್ತಿದ್ದರು, ಈಗ ಬೈಕಿನ ಮೇಲೆ. ಅವತ್ತು ಭಾನುವಾರ, ಭಾಗ್ಯ ಅಲ್ಲೇ ಇದ್ದಳು. ಸುಮ್ಮನೆ ಕೇಳಿ ನೋಡಿದಳು. ಅವನ ಪುಸ್ತಕದಲ್ಲಿ ಬೊಮ್ಮಮ್ಮ, ಗೋಣಿಬಾಳಿನಿಂದ ಬಂದ ಸೊಸೆ ಎಂದಷ್ಟೇ ಇತ್ತು. ಇದು ನಿಮ್ಮಪ್ಪನ ಬೆಡಗಿನ, ಅಂದರೆ ಕುಲದ, ಪುಸ್ತಕ, ಅವ್ವನ ತವರಿನ ಬೆಡಗಿಗೆ ಹೆಳವ ಬೇರೆ, ಅವನನ್ನು ಕೇಳಲಿಲ್ಲವೇ ಎಂದು ಅವನೇ ಆಶ್ಚರ್ಯಪಟ್ಟ. ಭಾಗ್ಯ ನಾಲಿಗೆ ಕಚ್ಚಿಕೊಂಡಳು. ಅಪ್ಪನ ಏಳು ತಲೆಮಾರು ಅವಳಿಗೆ ಬಾಯಿಪಾಠ. ಅವ್ವನಿಗೂ ಒಂದು ಪೀಳಿಗೆ ಇದೆ, ಅದನ್ನು ಬರೆಯುವವನೂ ಒಬ್ಬನಿರುತ್ತಾನೆ ಎಂಬುದು ಆ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಬಂದ ಹೆಳವನೇ ಹೇಳಿದ ಹಾಗೆ, ತವರಿನ ಹೆಳವ ಮೈಲಾರೇಶ ಮಾಗಳದ ಹೊರಗೆ ಬಿಡಾರ ಹೂಡಿದ್ದ. ಭಾಗ್ಯ ಅವ್ವನನ್ನೂ ಕರೆದುಕೊಂಡು ಹೋದಳು. ತಾಲೂಕು ಯಾವುದು, ಜಿಲ್ಲೆ ಯಾವುದು ಎಂದು ಅವನು ಕೇಳಲೇ ಇಲ್ಲ. ಬೆಡಗು ಕೇಳಿದ, ಬಟ್ಟೆ ಬಿಚ್ಚಿ ಪುಸ್ತಕ ತೆಗೆದ. ಗೋಣಿಬಾಳಿನ ಎರ್ರೆಪ್ಪ, ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳನ್ನು ಕೊಟ್ಟದ್ದು ಉಚ್ಚಂಗಿದುರ್ಗಕ್ಕೆ. ಚಿಕ್ಕವಳ ಹೆಸರಿನ ಮುಂದೆ ನಾಲ್ಕು ಬೆರಳಿನಷ್ಟು ಖಾಲಿ ಜಾಗ.

"ಸಣ್ಣಾಕಿ ತೀರಿಕೊಂಡ್ಲು ಅಂತ ಬರಿಯಾಕ ಹೋಗಿದ್ರಂತ್ರಿ ನಮ್ಮಪ್ಪ," ಎಂದ ಮೈಲಾರೇಶ. "ದುರುಗಮ್ಮ ಬಿಡಲಿಲ್ಲ. ಸಿಕ್ಕಮ್ಯಾಲೆ ಬರಿಯುವಂತಿ, ಜಾಗ ಬಿಡು ಅಂದ್ಲಂತ."

ಬೊಮ್ಮಮ್ಮನಿಗೆ ಬೇಕಾಗಿದ್ದುದು ಒಂದೇ ಮಾತು. ಧೈರ್ಯ ಸಾಲದೆ ಮಗಳ ಕೈ ಹಿಡಿದುಕೊಂಡು ಕೊನೆಗೂ ಕೇಳಿದಳು:

"ಅಕ್ಕ ಅದಾಳೇನಪ್ಪ?"

"ಅದಾಳ್ರಿ. ಹೋದ ತಿಂಗಳು ಹೋಗಿದ್ದೆ. ಇನ್ನೂ ತಂಗಿನ್ನ ಹುಡುಕಲಿಲ್ಲ ಅಂತ ಬೈದು, ಎರಡು ಸೇರು ಜೋಳ ಕೊಟ್ಟು ಕಳಿಸ್ಯಾಳ."

ಬೊಮ್ಮಮ್ಮ ಸೆರಗು ಬಾಯಿಗೊತ್ತಿಕೊಂಡು ಅತ್ತಳು, ಅಳುತ್ತಲೇ ನಕ್ಕಳು. ಭಾಗ್ಯಳಿಗೂ ತಡೆಯಲಾಗಲಿಲ್ಲ.

ಮರುದಿನ ಬೆಳಿಗ್ಗೆ ಮೈಲಾರೇಶನ ಬೈಕು ಮುಂದೆ, ಪಾಲಾಕ್ಷ ಗೊತ್ತುಮಾಡಿದ ಕಾರು ಹಿಂದೆ. ಉಚ್ಚಂಗಿದುರ್ಗದಲ್ಲಿ ದುರುಗಮ್ಮ ಮನೆಯ ಕಟ್ಟೆಯ ಮೇಲೆ ಕೂತು ಮೆಕ್ಕೆಜೋಳ ಬಿಡಿಸುತ್ತಿದ್ದಳು. ಅವಳ ಮಕ್ಕಳೂ ವರ್ಷಗಟ್ಟಲೆ ಹಡಗಲಿ ಕಡೆಯ ಊರುಗಳಲ್ಲಿ ಚಿಕ್ಕಮ್ಮನನ್ನು ಹುಡುಕಿದ್ದರು; ಅತ್ತೆ ಬಂದು ತಂಗಿಯನ್ನು ಒಯ್ದದ್ದು ಅಕ್ಕ ಗಾಡಿ ಹತ್ತಿ ಹೋದ ಮೇಲಾದ್ದರಿಂದ ಕೂಡ್ಲಿಗಿಯ ಕಡೆ ಯಾರೂ ನೋಡಿರಲಿಲ್ಲ. ಬಂದವಳು ಯಾರೆಂದು ಹೆಳವ ಹೇಳಿದ್ದೇ ಸಾಕಾಯಿತು. ದುರುಗಮ್ಮ ಬೇರೆ ಗುರುತು ಕೇಳಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡು, ಓಣಿಯವರೆಲ್ಲ ಬಂದು ನಿಲ್ಲುವ ತನಕ ಅತ್ತರು.

ಆಮೇಲೆ ದುರುಗಮ್ಮ ಕಣ್ಣೊರೆಸಿಕೊಂಡು ಮೈಲಾರೇಶನ ಕಡೆ ತಿರುಗಿ ಪುಸ್ತಕ ಕೇಳಿದಳು. ನೀರಾದರೂ ಕುಡಿಯುತ್ತೇನೆ ಎಂದ ಅವನು. ಅವಳು ಬಿಡಲಿಲ್ಲ. ಭಾಗ್ಯ ಪೆನ್ನು ಕೊಟ್ಟಳು. ಮೈಲಾರೇಶ ಹಾಳೆ ತೆರೆದು, ಕೊಟ್ಟ ಊರು ಯಾವುದು, ಬೆಡಗು ಯಾವುದು, ಗಂಡನ ಹೆಸರೇನು ಎಂದು ಕ್ರಮವಾಗಿ ಕೇಳತೊಡಗಿದ. ದುರುಗಮ್ಮ ಆ ಖಾಲಿ ಜಾಗದ ಮೇಲೆ ಬೆರಳಿಟ್ಟಳು.

"ಮೊದ್ಲು ಅದಾಳ ಅಂತ ಬರಿ," ಅಂದಳು. "ಉಳಿದಿದ್ದು ಆಮೇಲೆ."