ಲಾತಾಯಿಯ ಅಂಟು

ವವಾಉ ದ್ವೀಪದ ಚರ್ಚಿನ ಹಿಂದಿನ ಉದ್ದ ಕೊಠಡಿಯಲ್ಲಿ ಹೆಂಗಸರು ಮರದ ತೊಗಟೆ ಬಡಿದು ಮಾಡಿದ ಬಟ್ಟೆಯ ಪದರಗಳಿಗೆ ಅಂಟು ಹಚ್ಚುತ್ತಿದ್ದರು. ಬಟ್ಟೆ ಲೋಸಲೀನಳದು. ಮೊಮ್ಮಗಳ ಮದುವೆಗೆಂದು ತಂಗಿ ಲಾತಾಯಿಯ ಜೊತೆ ಶುರುಮಾಡಿದ್ದಳು. ಗರ್ಭಕೋಶದ ಬಾಯಿಗೆ ಕ್ಯಾನ್ಸರ್ ಹುಣ್ಣಾದದ್ದನ್ನು ನಾಚಿಕೆಯಿಂದ ಮುಚ್ಚಿಟ್ಟ ಲಾತಾಯಿ ದೇವರ ಪಾದ ಸೇರಿ ವರ್ಷವಾಗಿತ್ತು.

ಕಳೆದ ತಿಂಗಳು ದಾದಿ ಪರೀಕ್ಷಿಸಿದಾಗ ಲೋಸಲೀನಳಿಗೂ ಅಲ್ಲೇ ಸಣ್ಣ ಗಂಟುಗಳು ಕಂಡವು. ಇನ್ನೊಂದು ಪರೀಕ್ಷೆಗೆಂದು ಮಾದರಿ ತೆಗೆದುಕೊಂಡು, ವೈದ್ಯರನ್ನು ಕೇಳುತ್ತೇನೆಂದು ಅವಳು ಹೇಳಿದ್ದಳು. ಅಂದಿನಿಂದ ಲೋಸಲೀನ್ ಮದುವೆಯ ಮಾತೆತ್ತಲಿಲ್ಲ. ಸತ್ತವರನ್ನು ಮಲಗಿಸಲೂ ಇಂಥದೇ ಬಟ್ಟೆ ಬೇಕು.

"ಅಕ್ಕಾ, ಏನಿಷ್ಟು ಆತುರ? ಮದುವೆ ಇನ್ನೂ ದೂರ ಇದೆ," ಎಂದಳು ಎದುರು ಕುಳಿತ ಫೂಸಿ.

"ಮದುವೆಗಲ್ಲ ಕಣೇ. ನನ್ನ ಮಲಗಿಸೋಕೆ."

"ಹಂಗಾದ್ರೆ ಈ ಅಗಲ ಸಾಲಲ್ಲ. ನಿನ್ನ ಗಾತ್ರ ನೋಡ್ಕೋ."

ಎಲ್ಲರೂ ನಕ್ಕರು. ಲೋಸಲೀನ್ ನಗಲಿಲ್ಲ. ಅವಳ ಬೆರಳಿಗೆ ಹಳೆಯ ಪದರದಡಿಯ ಗಂಟೊಂದು ಸಿಕ್ಕಿತ್ತು. ಲಾತಾಯಿ ಮಾತಿನ ಭರದಲ್ಲಿ ಬೇಯಿಸಿದ ಗೆಡ್ಡೆಯ ಅಂಟನ್ನು ಸಮನಾಗಿ ಸವರದೆ ಗಂಟುಗಟ್ಟಲು ಬಿಡುತ್ತಿದ್ದಳು. ಬೈದರೆ, ಬಾಯಿ ಮುಚ್ಚಿಕೊಂಡು ಕೆಲಸ ಮಾಡಲು ಇದೇನು ಉಪವಾಸದ ದಿನವೇ ಎನ್ನುತ್ತಿದ್ದಳು. ಆ ದನಿ ಈ ಕೊಠಡಿಯನ್ನೇ ತುಂಬುತ್ತಿತ್ತು.

ಅಷ್ಟರಲ್ಲಿ ದಾದಿ ಸೇನಿ ಬಂದಳು. ಅವಳು ಲಾತಾಯಿಯ ಮಗಳೇ.

"ದೊಡ್ಡಮ್ಮ, ವೈದ್ಯರ ಉತ್ತರ ಬಂತು. ಹೊರಗೆ ಹೋಗೋಣ್ವಾ?"

"ಇಲ್ಲೇ ಹೇಳು. ನಿಮ್ಮಮ್ಮ ಮುಚ್ಚಿಟ್ಟಿದ್ದೇ ಸಾಕು."

ಸೇನಿ ಪಕ್ಕದಲ್ಲಿ ಕುಳಿತು ಅವಳ ಬೆರಳಿನಡಿಯ ಗಂಟನ್ನು ಮುಟ್ಟಿದಳು. "ಇದೇನು?"

"ನಿಮ್ಮಮ್ಮನ ಅಂಟು."

"ನಿಂದೂ ಇಷ್ಟೇ. ಅಲ್ಲಿ ಲೋಳೆ ಬರೋ ಸಣ್ಣ ಸಣ್ಣ ಬಾಯಿ ಇರ್ತವೆ. ಮೇಲೆ ಚರ್ಮ ಬೆಳೆದು ಮುಚ್ಕೊಂಡಿದೆ, ಲೋಳೆ ಒಳಗೇ ನಿಂತಿದೆ. ಹೆತ್ತ ಎಷ್ಟೋ ಹೆಂಗಸರಿಗೆ ಇರತ್ತೆ. ಅಮ್ಮಂಗೆ ಬಂದಿದ್ದು ಇದಲ್ಲ. ಇನ್ನೊಂದು ಪರೀಕ್ಷೆನೂ ಚೆನ್ನಾಗಿದೆ."

"ತೆಗೆಸ್ಬೇಡ್ವಾ?"

"ಬೇಡ. ಔಷಧಿನೂ ಬೇಡ. ಅದರ ಪಾಡಿಗೆ ಅದಿರ್ಲಿ."

ಲೋಸಲೀನ್ ಕಣ್ಣು ಮುಚ್ಚಿದಳು. ತುಟಿಗಳು ಪ್ರಾರ್ಥನೆಯಲ್ಲಿ ಅಲುಗಿದವು. ಕಣ್ಣು ತೆರೆದಾಗ ಫೂಸಿ ಚಿಪ್ಪು ಹಿಡಿದು ಬಟ್ಟೆಯ ಗಂಟನ್ನು ಕೆರೆಯಲು ಬಾಗಿದ್ದಳು. ಲೋಸಲೀನ್ ಅವಳ ಕೈ ಹಿಡಿದಳು.

"ಬಿಡೇ ಅದನ್ನ. ಮದುವೆ ದಿನ ಇದರ ಮೇಲೆ ನಡೆಯೋವಾಗ ಹುಡುಗಿ ಕಾಲಿಗೆ ತಗಲಲಿ. ಚಿಕ್ಕಜ್ಜಿನೂ ಬಂದವ್ಳೆ ಅಂತ ಗೊತ್ತಾಗ್ಲಿ."

ಆಮೇಲೆ ಅಂಟಿನ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡಳು.