ಹೆಗ್ಗಣದ ಎತ್ತರ

"ದೊಡ್ಡದ ಇರ್ಲಿ," ಅಂದ ಅನಿಲಕುಮಾರ.

ಗಾಜಿನ ಮೇಜಿನ ಮೇಲೆ ಖಾಜಾಸಾಬ್ ಎರಡು ಡಬ್ಬಿಗಳ ಮುಚ್ಚಳ ತೆಗೆದಿಟ್ಟಿದ್ದ. ಒಂದರಲ್ಲಿ ಜೋಳದ ಕಾಳಿನಷ್ಟು ಸೀಸದ ಛರ್ರಾ ಗುಂಡುಗಳು, ಇನ್ನೊಂದರಲ್ಲಿ ತೊಗರಿ ಕಾಳಿನಷ್ಟು ದಪ್ಪನೆಯವು. ಸಿಂಧನೂರಿನ ಆ ಅಂಗಡಿಯಲ್ಲಿ ಬೆಳೆ ಕಾಯಲು ಬೇಕಾದದ್ದೆಲ್ಲ ಇತ್ತು. ಗಿಳಿ ಓಡಿಸುವ ಮಿಂಚುಪಟ್ಟಿ, ಹಂದಿ ಬೆದರಿಸುವ ಪಟಾಕಿ, ಬಲೆ, ಟಾರ್ಚು. ಏರ್‌ಗನ್ನುಗಳು ಮಾತ್ರ ಹಿಂದಿನ ಗೋಡೆಗೆ, ಗಿರಾಕಿಯ ಕೈಗೆ ಸಿಗದಷ್ಟು ದೂರದಲ್ಲಿ ಒರಗಿ ನಿಂತಿದ್ದವು.

"ಇದು ಟೂ ಟೂ. ಇದಕ್ಕ ಲೈಸೆನ್ಸ್ ಬೇಕ್ರಿ," ಖಾಜಾಸಾಬ್ ದಪ್ಪ ಛರ್ರಾದ ಡಬ್ಬಿಯನ್ನು ಬೆರಳಿನಿಂದ ಹಿಂದಕ್ಕೆ ಸರಿಸಿದ. "ಸ್ಟೇಷನ್ನು, ಆಫೀಸು, ಫೋಟೊ, ಬೆರಳಚ್ಚು. ನಿಮ್ಮ ನೆಲ್ಲು ಕೊಯ್ದು ಗಿರಣಿಗೆ ಹೋದ್ರೂ ಕಾಗದ ಬರಂಗಿಲ್ಲ. ಈ ಸಣ್ಣದು ಒನ್ ಸೆವೆಂಟಿ ಸೆವೆನ್. ಆಧಾರ್ ಝೆರಾಕ್ಸ್ ಕೊಟ್ಟು ಒಯ್ರಿ."

"ಅದೇನ್ ಮಾಡತೈತಿ? ಕಚಗುಳಿ ಇಡತೈತೇನು?" ಬಾಗಿಲ ಬಳಿಯ ಬೆಂಚಿನಿಂದ ವೀರಭದ್ರಮ್ಮ ಕೇಳಿದಳು. ಅನಿಲಕುಮಾರನ ತಾಯಿ. ಅಂಗಡಿಗೆ ಬಂದಾಗಿನಿಂದ ಆಕೆ ಕೂತಲ್ಲಿಂದ ಎದ್ದಿರಲಿಲ್ಲ, ಆದರೂ ವ್ಯಾಪಾರ ಮಾಡುತ್ತಿದ್ದವಳು ಆಕೆಯೇ.

ಶಿವಕುಮಾರಿ ಗಂಡನ ಹಿಂದೆ ನಿಂತಿದ್ದಳು. ಮಾತಾಡಬೇಕೆಂದು ಬಹಳ ಹೊತ್ತಿನಿಂದ ಗಂಟಲಲ್ಲಿ ಮಾತು ಜೋಡಿಸಿಕೊಂಡಿದ್ದಳು. ಈಗ ಅದು ಹೊರಗೆ ಬಂತು. "ಹೆಗ್ಗಣಕ್ಕ ಸಣ್ಣದು ಸಾಕ್ರಿ ಅತ್ತಿ. ಬಿಲದಿಂದ ಹತ್ತು ಹೆಜ್ಜಿ ದೂರ ಕುಂತು ಹೊಡದ್ರ ಆತು."

ಖಾಜಾಸಾಬ್ ಮೊದಲು ಅವಳನ್ನು ನೋಡಿದ. ಆಮೇಲೆ ವೀರಭದ್ರಮ್ಮನನ್ನು ನೋಡಿದ. ನಗು ಮೀಸೆಯೊಳಗೇ ಉಳಿಯಿತು.

"ಸೊಸಿಯಾರ್ದು ಯಾವೂರ್ರಿ?"

"ಗುರುಗುಂಟಾ," ಅಂದಳು ವೀರಭದ್ರಮ್ಮ.

"ಬೆದ್ದಲ ಸೀಮಿ. ಅದಕ್ಕ."

'ಅದಕ್ಕ' ಅಂದರೆ ಯಾವುದಕ್ಕೆ ಎಂದು ಶಿವಕುಮಾರಿಗೆ ತಿಳಿಯಲಿಲ್ಲ. ಮದುವೆಯಾಗಿ ಬಳಗಾನೂರಿಗೆ ಬಂದು ಆರು ತಿಂಗಳಾಗಿತ್ತು. ಅವಳ ತವರಿನಲ್ಲಿ ಮಳೆ ಬಿದ್ದರೆ ಸಜ್ಜೆ, ಇಲ್ಲದಿದ್ದರೆ ಕುರಿ. ಇಲ್ಲಿ ಕಾಲುವೆ, ಕಾಲುವೆಗೆ ಉಪಕಾಲುವೆ, ಅದಕ್ಕೊಂದು ತೂಬು, ತೂಬಿಗೊಂದು ಪಾಳಿ. ಪಾಳಿ ಬಂದ ದಿನ ನೀರು ಹೊಲಕ್ಕೆ ಮುಟ್ಟದಿದ್ದರೆ ಮನೆಯಲ್ಲಿ ಒಲೆಯೂ ಮುನಿಸಿಕೊಂಡಂತೆ ಇರುತ್ತಿತ್ತು. ಗಂಡ ಹೊಲದಂಚಿನ ಮಣ್ಣಿನ ವಡ್ಡಿನ ಮೇಲೆ ಹೋಗಿ ನೋಡಿ ಬಂದು, ಚಪ್ಪಲಿ ಒಗೆದು, "ಹೆಗ್ಗಣ ತೂತು ಹೊಡದಾವ," ಅನ್ನುತ್ತಿದ್ದ. ಅತ್ತೆ, "ಹೊಡದೇ ಹೊಡೀತಾವ, ಮೈ ಬಂದೈತಿ," ಅನ್ನುತ್ತಿದ್ದಳು. ಪ್ರತಿ ಪಾಳಿಗೂ ಇದೇ.

ಬಿ.ಎಸ್ಸಿ. ಓದಿದ ಹುಡುಗಿ. ಹೆಗ್ಗಣಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದಳು. ಬಿಲಕ್ಕೆ ಎಷ್ಟು ಬಾಯಿ, ಯಾವ ಹೊತ್ತಿಗೆ ಹೊರಬರುತ್ತವೆ, ಒಂದು ಜೋಡಿ ವರ್ಷಕ್ಕೆ ಎಷ್ಟು ಮರಿ ಹಾಕುತ್ತದೆ, ಎಲ್ಲ ಬರೆದಿಟ್ಟುಕೊಂಡಳು. ಆ ಮನೆಯಲ್ಲಿ ಅವಳ ರೊಟ್ಟಿ ದಪ್ಪ, ಅವಳ ನಡಿಗೆ ನಿಧಾನ, ಅವಳ ಮೌನ ಸೊಕ್ಕು. ಒಂದಾದರೂ ಉಪಯೋಗದ ಮಾತಾಡಬೇಕು ಅನ್ನಿಸಿತ್ತು. ಹೋದ ವಾರ ಊಟ ಬಡಿಸುತ್ತ, "ಒಂದು ಏರ್‌ಗನ್ ತಗೊಂಡ್ರ ಮುಗೀತಲ್ರಿ, ಹೆಗ್ಗಣದ ಕಾಟ," ಅಂದಿದ್ದಳು. ಗಂಡನ ಕೈ ತಟ್ಟೆಯಲ್ಲೇ ನಿಂತಿತು. ಅತ್ತೆ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮೊದಲ ಸಲ ಅವಳೆದುರಿಗೆ ನಕ್ಕಳು. "ನೋಡಲೇ ಅನಿಲ. ಮೂಕಿ ಅಂದ್ಕೊಂಡಿದ್ದೆ. ಚೊಲೊ ಮಾತಾಡ್ಯಾಳ." ಅಂದಿನಿಂದ ಅವಳ ರೊಟ್ಟಿಗೆ ಯಾರೂ ಹೆಸರಿಟ್ಟಿರಲಿಲ್ಲ.

ಖಾಜಾಸಾಬ್ ಒಂದು ಏರ್‌ಗನ್ ತಂದು ಮೇಜಿನ ಮೇಲೆ ಮಲಗಿಸಿದ. "ಎಷ್ಟು ದೂರದಾಗ ಹೊಡಿಯೋದೈತ್ರಿ?"

"ಪಂಪಿನ ಮನಿ ಕಿಟಕಿಯಿಂದ ತೂಬಿನ ತನಕ," ಅಂದ ಅನಿಲಕುಮಾರ. "ಮೂವತ್ತು ಗಜ."

ಅಷ್ಟು ದೂರದಿಂದ ಹೆಗ್ಗಣ ಕಾಣುವುದೇ ಇಲ್ಲ ಎಂದು ಶಿವಕುಮಾರಿ ಹೇಳಬೇಕೆಂದುಕೊಂಡಳು. ಅಷ್ಟರಲ್ಲಿ ಖಾಜಾಸಾಬ್ ದನಿ ತಗ್ಗಿಸಿ ಇನ್ನೊಂದು ಕೇಳಿದ. "ಹೆಗ್ಗಣ ಎಷ್ಟು ಎತ್ತರ ಐತಿ?"

ಅನಿಲಕುಮಾರ ಅಂಗೈಯನ್ನು ಚಪ್ಪಟೆ ಮಾಡಿ ತನ್ನ ಮೊಣಕಾಲಿನ ಹತ್ತಿರ ಹಿಡಿದ. ತುಸು ಯೋಚಿಸಿ, ತೊಡೆಯ ತನಕ ಏರಿಸಿದ.

"ಕಾಲಿಗೆ ಸಾಕು," ಅಂದಳು ವೀರಭದ್ರಮ್ಮ ಬೆಂಚಿನಿಂದ. "ಒಂದು ಹಂಗಾಮು ವಡ್ಡು ಹತ್ತಬಾರದು, ಅಷ್ಟ."

"ನಿಂತಾಗ ಮೊಣಕಾಲು, ಖರೇ," ಅಂದ ಖಾಜಾಸಾಬ್. "ತೂತು ಹೊಡಿಯಾಕ ಬಗ್ಗಿದ್ರ ಅದ ಎತ್ತರಕ್ಕ ಕಣ್ಣು ಬರ್ತಾವು, ಅವ್ವಾರ. ಛರ್ರಾ ಸಣ್ಣದಂತ ತಿಳೀಬ್ಯಾಡ್ರಿ."

"ನೀ ಬಂದೂಕು ಮಾರಾವನೋ, ಬುದ್ಧಿ ಮಾರಾವನೋ?"

ಖಾಜಾಸಾಬ್ ಝೆರಾಕ್ಸ್ ಇಸಿದುಕೊಂಡು, ಅದರ ಹಿಂದೆ 'ಹೆಗ್ಗಣಕ್ಕಾಗಿ' ಎಂದು ಬರೆಸಿ, ಅನಿಲಕುಮಾರನ ಸಹಿ ಹಾಕಿಸಿಕೊಂಡ. "ಛರ್ರಾ ಚೂಪು ಬೇಕೋ ಚಪ್ಪಟ್ಟಿ ಬೇಕೋ?" ಎಂದು ಕೇಳಿದಾಗ ಅವನು ಯಾರ ಮುಖವನ್ನೂ ನೋಡಲಿಲ್ಲ.

"ಚೂಪು," ಅಂದಳು ವೀರಭದ್ರಮ್ಮ.

ಶಿವಕುಮಾರಿಯ ಕಣ್ಣು ಇನ್ನೂ ಗಂಡನ ತೊಡೆಯ ಹತ್ತಿರ, ಕೈ ನಿಂತಿದ್ದ ಆ ಖಾಲಿ ಜಾಗದಲ್ಲೇ ಇತ್ತು. ಅವರ ಹೊಲದ ಮೇಲಿನ ಹೊಲ ಗಂಡನ ಕಾಕಾ, ಮಾವನ ತಮ್ಮ ಅಮರಗುಂಡಪ್ಪನದು. ಎರಡಕ್ಕೂ ಒಂದೇ ತೂಬು, ನಡುವೆ ಒಂದೇ ವಡ್ಡು. ಪಾಳಿಯ ದಿನ ವಡ್ಡಿನ ಮೇಲೆ ಸಲಿಕೆ ಹಿಡಿದು ಓಡಾಡುವವನು ಅವನೊಬ್ಬನೇ.

ಬಸ್ಸಿನಲ್ಲಿ ಬಂದೂಕು ಗೋಣಿತಟ್ಟಿನೊಳಗೆ, ಎರಡು ಸಲಿಕೆ ಕಾವುಗಳ ನಡುವೆ ಮಲಗಿತ್ತು. ಅತ್ತೆ ಕಿಟಕಿಯ ಪಕ್ಕ ಅವಳನ್ನೇ ಕೂರಿಸಿದಳು. ಅದೂ ಮೊದಲ ಸಲ.

"ಅತ್ತಿ, ಹೆಗ್ಗಣ ಅಂದ್ರ ಕಾಕಾರೇನ್ರಿ?"

"ನಾ ಹಂಗ ಅಂದೀನೇನು?" ವೀರಭದ್ರಮ್ಮ ಎಲೆಗೆ ಸುಣ್ಣ ಸವರಿದಳು. "ಕಾಲುವಿ ಕಡೀ ತುದಿ, ಟೇಲೆಂಡಿನ ಮಂದಿ ಯಾರೂ ಹಂಗ ಅನ್ನಂಗಿಲ್ಲ. ನಾ ಅವನ ಹೆಸರು ತಗದ್ರ ಅವ ನನ್ನ ಗಂಡನ ಹೆಸರು ತಗೀತಾನ. ಊರಾಗ ವಡ್ಡಿಗೆ ಕೈ ಹಾಕದಾವ ಯಾರದಾನ? ಅದಕ್ಕ ಹೆಗ್ಗಣ. ಹೆಗ್ಗಣದ ಮ್ಯಾಲೆ ಕೇಸಿಲ್ಲ, ಪಂಚಾಯ್ತಿ ಇಲ್ಲ."

"ಕಣ್ಣಿಗೆ ಬಡದ್ರ?"

"ಹೆಗ್ಗಣಕ್ಕ ಬಿಟ್ಟಿದ್ದು, ಅಡ್ಡ ಬಂದು ತಗಲಿಸಿಕೊಂಡ. ನಾಳೆ ನಾಟಿಯವರು ಇಪ್ಪತ್ತು ಮಂದಿ ಇರ್ತಾರ. ಹುಡುಗ ಮುಂಜಾನಿಂದ ಹೆಗ್ಗಣ ಕಾಯಾಕತ್ತಿದ್ದ ಅಂತ ಇಪ್ಪತ್ತೂ ಮಂದಿ ಹೇಳ್ತಾರ." ಮಡಿಸಿದ ಎಲೆಯನ್ನು ದವಡೆಗಿಟ್ಟು ಸೊಸೆಯ ಮೊಣಕೈ ತಟ್ಟಿದಳು. "ಎಲ್ಲ ನಿನ್ನ ಬುದ್ಧಿ. ನಮಗ ಹೊಳದಿರಲಿಲ್ಲ ನೋಡು."

ಮುಂದಿನ ಸೀಟಿನಲ್ಲಿದ್ದ ಅನಿಲಕುಮಾರ ಹಿಂದಿರುಗಿ ನೋಡಲಿಲ್ಲ. ಅವನ ಕತ್ತಿನ ಮೇಲೆ ಬೆವರು ಇಳಿಯುತ್ತಿತ್ತು. ಬಸ್ಸಿನಿಂದ ಇಳಿದ ಮೇಲೆ ಶಿವಕುಮಾರಿ ಅವನ ಅಂಗಿಯ ತೋಳು ಹಿಡಿದು, "ಬ್ಯಾಡ್ರಿ, ನನ್ನ ಮಾತು ಕೇಳ್ರಿ," ಅಂದಳು. "ಮಾತು ಶುರು ಮಾಡಿದಾಕಿ ನೀನ," ಅಂದು ಅವನು ತೋಳು ಬಿಡಿಸಿಕೊಂಡ.

ಮರುದಿನ ಒಂಬತ್ತು ಗಂಟೆಗೆ ಅವಳು ಬುತ್ತಿಯ ಬುಟ್ಟಿ ಹೊತ್ತು ಹೊಲಕ್ಕೆ ಬಂದಳು. ಅವರ ಪಾಳಿಯ ದಿನ. ಕೆಳಗಿನ ಮಡಿಯಲ್ಲಿ ರಾಜಾಬೀಯ ನಾಟಿ ಗುಂಪು ಸಾಲಾಗಿ ಬಗ್ಗಿತ್ತು, ಮೇಲಿನ ಮಡಿಗಳಲ್ಲಿ ಪಾದ ಮುಳುಗುವಷ್ಟೂ ನೀರಿರಲಿಲ್ಲ. ಪಂಪಿನ ಮನೆಯ ಕಿಟಕಿಯಲ್ಲಿ ಒಂದು ಟವೆಲ್ ಜೋತು ಬಿದ್ದಿತ್ತು. ಟವೆಲಿನ ಕೆಳಗಿನಿಂದ ಬೆರಳಿನುದ್ದ ಕರಿ ಕಬ್ಬಿಣ ಕಾಣುತ್ತಿತ್ತು. ಹೊರಗೆ ಜಾಲಿ ಗಿಡದ ಕೆಳಗೆ ಕಲ್ಲಿನ ಮೇಲೆ ವೀರಭದ್ರಮ್ಮ.

ಅಮರಗುಂಡಪ್ಪ ಹೆಗಲ ಮೇಲೆ ಸಲಿಕೆ ಇಟ್ಟುಕೊಂಡು ವಡ್ಡಿನ ಮೇಲೆ ಬಂದ. ಧೋತರ ಮೊಣಕಾಲ ಮೇಲಕ್ಕೆ ಎತ್ತಿ ಕಟ್ಟಿತ್ತು.

"ಏನ್ ವೈನಿ, ಮಗನ್ನ ಕಿಟಕ್ಯಾಗ ಕುಂದರಿಸೀದಿ. ಮತ್ತೊಂದು ಕನ್ಯಾ ತೋರಸಾಕತ್ತೀಯೇನು?"

"ಹೆಗ್ಗಣ ಕಾಯಾಕತ್ತಾನಪ್ಪ."

"ಕಾಯ್ಲಿ, ಕಾಯ್ಲಿ. ಈ ಸಲ ಭಾಳ ಆಗ್ಯಾವ. ನಮ್ಮ ಕಡೆನೂ ಎರಡು ಕಂಡ್ವು." ಬುಟ್ಟಿ ಹೊತ್ತು ನಿಂತ ಶಿವಕುಮಾರಿಯ ಕಡೆ ಗದ್ದ ಎತ್ತಿದ. "ಈಕಿ ಬಂದ ಮ್ಯಾಲೆ ಹೆಚ್ಚಾದ್ವು ನೋಡು. ಬೆದ್ದಲ ಸೀಮ್ಯಾಗ ತಿನ್ನಾಕಿಲ್ಲದ ಬೆನ್ನು ಹತ್ತಿ ಬಂದಿರಬೇಕು."

ನಾಟಿಯ ಸಾಲಿನಲ್ಲಿ ಇಬ್ಬರು ನಕ್ಕರು. ಶಿವಕುಮಾರಿ ಸೆರಗನ್ನು ಹಣೆಯ ತನಕ ಎಳೆದುಕೊಂಡಳು. ಆ ಮನುಷ್ಯನ ಎದುರಿಗೆ ಅವಳು ಇಂದಿನ ತನಕ ಬಾಯಿ ತೆರೆದವಳಲ್ಲ. ಅವನ ಮೇಲೆ ಅವಳಿಗೆ ಮಮತೆಯೂ ಇರಲಿಲ್ಲ.

ಅಮರಗುಂಡಪ್ಪ ಸಲಿಕೆ ಇಳಿಸಿ ತೂಬಿನ ಹತ್ತಿರ ಕಾಲುವೆಗೆ ಇಳಿದ. ಎಲ್ಲರೂ ನೋಡುತ್ತಿರುವಂತೆಯೇ ಬಗ್ಗಿ, ವಡ್ಡಿನಿಂದ ಹುಲ್ಲಿನ ಹೆಂಟೆಯೊಂದನ್ನು ಕಿತ್ತ. ನೀರು ಗಳಗಳನೆ ಅವನ ಹೊಲದ ಕಡೆ ತಿರುಗಿತು. ಅವನ ತಲೆ ಈಗ ವಡ್ಡಿಗಿಂತ ಒಂದು ಗೇಣು ಮಾತ್ರ ಮೇಲಿತ್ತು. ಕಿಟಕಿಯ ಟವೆಲ್ ಪಕ್ಕಕ್ಕೆ ಸರಿಯಿತು.

ಶಿವಕುಮಾರಿ ವಡ್ಡಿನ ಮೇಲೆ ನಡೆದಳು. ಕಿಟಕಿಗೂ ತೂಬಿಗೂ ನಡುವೆ ಬಂದಾಗ ನಿಂತಳು.

"ಸರಿ ಅತ್ತಾಗ," ಅಂದಳು ವೀರಭದ್ರಮ್ಮ, ದನಿ ಎತ್ತದೆ. "ಬುತ್ತಿ ಇಲ್ಲಿ ತಾ."

"ಕಾಕಾರ." ಬುಟ್ಟಿಯ ಅಂಚನ್ನು ಗಟ್ಟಿ ಹಿಡಿದುಕೊಂಡಳು. "ಅಮರಗುಂಡಪ್ಪ ಕಾಕಾರ. ಆ ತೂತು ಹೆಗ್ಗಣ ಹೊಡದಿದ್ದಲ್ಲ. ನೀವು ಹೊಡದೀರಿ. ನಮ್ಮ ಪಾಳಿ ನೀರು ನೀವು ಒಯ್ಯಾಕತ್ತೀರಿ."

ಅಮರಗುಂಡಪ್ಪ ಬಗ್ಗಿದಲ್ಲಿಂದಲೇ ಮುಖ ಎತ್ತಿದ.

"ನಮ್ಮನಿಯವರು ಕಾಯಾಕತ್ತಿದ್ದೂ ಹೆಗ್ಗಣಕ್ಕಲ್ಲ," ಅಂದಳು. ಈ ಸಲ ಕೆಳಗಿನ ಮಡಿಯ ತನಕ ಕೇಳಿಸಿತು. "ಆ ಬಂದೂಕು ತಂದದ್ದು ನಿಮಗ."

ಇಪ್ಪತ್ತು ಹೆಂಗಸರು ಒಬ್ಬೊಬ್ಬರಾಗಿ ಬೆನ್ನು ನೆಟ್ಟಗೆ ಮಾಡಿದರು. ಅವರ ಕೈಯ ಸಸಿಗಳ ಬೇರಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಕಿಟಕಿಯಿಂದ ಕಬ್ಬಿಣ ಒಳಗೆ ಸರಿಯಿತು. ಟವೆಲ್ ಜಾರಿ ನೆಲಕ್ಕೆ ಬಿತ್ತು.

ಅಮರಗುಂಡಪ್ಪ ಎದ್ದು ನಿಂತ. "ವೈನಿ, ನಿನ್ನ ಗಂಡ ಹನ್ನೆರಡು ವರ್ಷ ಇದ ವಡ್ಡಿಗೆ ಪೈಪ್ ಹಾಕಿ ನೀರು ಒಯ್ದಿದ್ದ. ಒಂದಿನ ಅಣ್ಣನ ಹೆಸರು ನನ್ನ ಬಾಯಾಗ ಬಂದೈತೇನು? ಎಂಥಾಕಿನ್ನ ತಂದುಕೊಂಡೀರಿ ಮನಿಗೆ." ಶಿವಕುಮಾರಿಯ ಮುಂದೆ ಬಂದು ಉಗುಳಿದ. ಅವಳ ಮೇಲಲ್ಲ, ಅವಳ ಚಪ್ಪಲಿಯ ಪಕ್ಕ. ಸಲಿಕೆ ಎತ್ತಿಕೊಂಡು, ತೂತನ್ನು ಹಾಗೆಯೇ ಬಿಟ್ಟು, ಬಂದ ದಾರಿಯಲ್ಲೇ ಹೋದ. ಹೋಗುತ್ತ ಎರಡು ಸಲ ಹಿಂದಿರುಗಿ ಕಿಟಕಿ ನೋಡಿದ.

ವೀರಭದ್ರಮ್ಮ ಹತ್ತಿರ ಬರುವ ತನಕ ಶಿವಕುಮಾರಿ ಅಲ್ಲೇ ಇದ್ದಳು.

"ಇನ್ನ ಅವಗ ಜಾಲಿ ಮುಳ್ಳು ಚುಚ್ಚಿದ್ರೂ ಊರು ನಮ್ಮ ಬಾಗಲಿಗೆ ಬರತೈತಿ," ಅಂದಳು ಅತ್ತೆ. "ಏನು ಮಾಡಿದ್ಯಂತ ತಿಳೀತೇನು ನಿನಗ?"

"ತಿಳಿದ ಹೇಳೀನ್ರಿ."

ವೀರಭದ್ರಮ್ಮ ಸೊಸೆಯ ತಲೆಯ ಮೇಲಿನ ಬುಟ್ಟಿಯನ್ನು ಎರಡೂ ಕೈಯಿಂದ ಇಳಿಸಿಕೊಂಡಳು. "ಇದು ಮನಿ ಮಂದಿಗೆ ಕಟ್ಟಿದ್ದು." ಅನಿಲಕುಮಾರ ಗೋಣಿತಟ್ಟು ಸುತ್ತಿದ ಬಂದೂಕನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಬಂದ. ಹೆಂಡತಿಯನ್ನು ದಾಟುವಾಗ ಅವನ ನಡಿಗೆ ತುಸು ನಿಂತಂತಾಯಿತು. ಬಾ ಅನ್ನಲಿಲ್ಲ, ಬರಬೇಡ ಅನ್ನಲೂ ಇಲ್ಲ. ತಾಯಿ ಮಗ ಇಬ್ಬರೂ ಊರಿನ ಕಡೆಯ ವಡ್ಡು ಹಿಡಿದರು.

ಬಿಸಿಲು ಏರುತ್ತಿತ್ತು. ಊರಿಗೆ ಹೋಗಲು ಇದ್ದವು ಎರಡೇ ವಡ್ಡು. ಒಂದರ ಮೇಲೆ ಅವರು ಹೋಗುತ್ತಿದ್ದರು, ಇನ್ನೊಂದು ಅಮರಗುಂಡಪ್ಪನ ಹೊಲದೊಳಗೆ ಹಾಯುತ್ತಿತ್ತು. ಶಿವಕುಮಾರಿ ಕಾಲುವೆಗೆ ಇಳಿದು, ಕಿತ್ತುಬಿದ್ದ ಹೆಂಟೆಯನ್ನು ತೂತಿಗೆ ತುರುಕಿ, ಅಂಗೈಯಿಂದ ಕೆಸರು ಮೆತ್ತಿದಳು. ನೀರು ಸ್ವಲ್ಪ ಹೊತ್ತು ತಡೆದು, ಕೆಳಗಿನ ಮಡಿಗಳ ಕಡೆ ಹರಿಯಿತು. ಅವಳು ಚಪ್ಪಲಿ ಬಿಟ್ಟು ನಾಟಿಯ ಮಡಿಗೆ ಇಳಿದಳು. ಕೆಸರು ಮೀನಖಂಡದ ತನಕ ಬಂತು. ಸಾಲು ಮತ್ತೆ ಬಗ್ಗಿ ಸಸಿ ಊರತೊಡಗಿತ್ತು.

"ಸೀರಿ ಮ್ಯಾಲೆ ಕಟ್ರಿ," ಅಂದಳು ರಾಜಾಬೀ, ತಲೆ ಎತ್ತದೆ. "ಇಲ್ಲಿ ಆಳ ಐತಿ."

ಕೈಯ ಸಸಿಯ ಕಟ್ಟನ್ನು ಎರಡು ಪಾಲು ಮಾಡಿ ಒಂದನ್ನು ಪಕ್ಕದ ನೀರಿನಲ್ಲಿ ಇಟ್ಟಳು. ಆಮೇಲೆ ಎಡಕ್ಕೆ ಒಂದು ಹೆಜ್ಜೆ ಸರಿದು ಜಾಗ ಬಿಟ್ಟಳು. ಅವಳ ಎಡಕ್ಕಿದ್ದವಳೂ ಸರಿದಳು.